ಊಟಕ್ಕೆ ಮೊದಲಿನ ಅರ್ಧ ತಾಸು

ಮಾಹಿಮ್ ದಾಟಿದ ಕೂಡಲೇ ಲೋಕಲ್ ರೈಲಿನ ಸದ್ದೇ ಬೇರೆಯಾಗುತ್ತದೆ. ಅಷ್ಟು ಹೊತ್ತು ಕಟ್ಟಡಗಳಿಗೆ ಬಡಿದು ಮರಳುತ್ತಿದ್ದ ಗಡಗಡ ಒಮ್ಮೆಲೇ ಬಯಲಿಗೆ ಬೀಳುತ್ತದೆ. ಕೆಳಗೆ ಖಾರಿಯ ಕಪ್ಪು ನೀರು, ಅಂಚಿಗೆ ಕಾಂಡ್ಲಾ ಗಿಡಗಳ ದಟ್ಟ ಹಸಿರು. ಮಿಠಿ ನದಿ ಸಮುದ್ರ ಸೇರುವ ಜಾಗವದು. 1845ರಲ್ಲಿ ಮಾಹಿಮ್ ಕಾಸ್‌ವೇ ಆಗುವ ತನಕ ಜನ ಇಲ್ಲಿ ದೋಣಿಯಲ್ಲೇ ದಾಟುತ್ತಿದ್ದರು. ಆ ರಸ್ತೆಗೆ ಹಣ ಕೊಟ್ಟವರು ಸರ್ ಜಮ್‌ಶೇಟ್‌ಜಿ ಜೀಜೀಭಾಯಿಯವರ ಹೆಂಡತಿ ಅವಾಬಾಯಿ. ಖಾರಿಯಾಚೆಯ ಮೊದಲ ಸ್ಟೇಶನ್ನೇ ಬಾಂದ್ರಾ. ಸೀಮೆ ಬದಲಾದದ್ದು ಸ್ಟೇಶನ್ನಿನ ಬಾಗಿಲಲ್ಲೇ ಗೊತ್ತಾಗುತ್ತದೆ. ದಕ್ಷಿಣ ಮುಂಬಯಿಗೆ ಆಟೋಗಳು ಕಾಲಿಡುವಂತಿಲ್ಲ; ಇಲ್ಲಿಂದ ಉತ್ತರಕ್ಕೆ ಅವುಗಳದೇ ರಾಜ್ಯ.

ಕಾಕಾನ ಮನೆ ಪೂರ್ವದ ಬದಿಗೆ, ಖೇರ್‌ನಗರದಲ್ಲಿ, ಸರಕಾರಿ ಗೃಹಮಂಡಳಿ ಮ್ಹಾಡಾದ ಹಳೆಯ ಕಟ್ಟಡದಲ್ಲಿ. ಗೋಕಾಕದ ಕಡೆಯಿಂದ ಎಳೆಯ ವಯಸ್ಸಿನಲ್ಲಿ ಬಂದು ಗಿರಣಿ ಸೇರಿದವರು, ಗಿರಣಿ ನಿಂತ ಮೇಲೆ ಸಿಕ್ಕ ನೌಕರಿಗಳನ್ನೆಲ್ಲ ಮಾಡಿ ಈಗ ಮನೆಯಲ್ಲಿದ್ದಾರೆ. ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆ. ಒಳಗಿನಿಂದ ಎಣಗಾಯಿ ಬದನೆಯ ವಾಸನೆ ಬರುತ್ತಿತ್ತು, ನನಗೆ ರಾತ್ರಿ ರೈಲಿನ ಹಸಿವು. ಕಾಕೂ ತಾಟಿನ ಬದಲು ಒಂದು ಸಣ್ಣ ಬಟ್ಟಲು ತಂದು ಮುಂದಿಟ್ಟರು. ಅದರಲ್ಲಿ ಒಂದು ಮುಷ್ಟಿ ಬಾದಾಮಿ, ಶೇಂಗಾ.

"ಊಟಕ್ಕ ಇನ್ನೂ ಅರ್ಧ ತಾಸು ಐತಿ ತಮ್ಮಾ. ಅಲ್ಲೀತನಕ ಇದನ್ನ ಸಾವಕಾಶ ಅಗದು ತಿನ್ನು."

"ಯಾಕ್ರಿ ಕಾಕೂ, ರೊಟ್ಟಿ ಇನ್ನೂ ಆಗಿಲ್ಲೇನ್ರಿ?"

"ರೊಟ್ಟಿ ಆಗ್ಯಾವ. ನಿಮ್ಮ ಕಾಕಾಗ ಹಿಂಗಽ ಕೊಡೂದು. ಮನಿಯಾಗ ಯಾರ ಬರಲಿ, ಎಲ್ಲಾರಿಗೂ ಹಿಂಗಽ."

ಕಾಕಾ ಗಡಿಯಾರದ ಮೇಲೆ ಒಂದು ಕಣ್ಣಿಟ್ಟು ಬಾದಾಮಿ ಅಗಿಯುತ್ತಿದ್ದರು. ಆಹಾರತಜ್ಞೆಯೊಬ್ಬರು ಹೇಳಿಕೊಟ್ಟ ಕ್ರಮವಂತೆ. ಅವರ ಬಳಿ ಒಂದು ಉದ್ದನೆಯ ವಹಿ ಇದೆ, ಗಿರಣಿಯ ಕಾಲದ ಶಿಸ್ತು. ಎಡಕ್ಕೆ ಬರೀ ಊಟ ಮಾಡಿದ ದಿನಗಳ ಅಂಕಿ, ಬಲಕ್ಕೆ ಮೊದಲು ಬಾದಾಮಿಯನ್ನೋ ಶೇಂಗಾವನ್ನೋ ತಿಂದ ದಿನಗಳದು. ಊಟವಾಗಿ ಎರಡು ತಾಸಿಗೆ ಬೆರಳು ಚುಚ್ಚಿ ನೋಡಿದ್ದು. ಬಲಗಡೆಯ ಅಂಕಿಗಳು ಬಹುಪಾಲು ಸಣ್ಣವು. ಒಬ್ಬ ಮನುಷ್ಯನ ವಹಿ ಲೋಕಕ್ಕೆ ಸಾಕ್ಷಿಯಾಗದು. ಆದರೂ ಅದೇ ಕೈ ಮಾಡಿದ ರೊಟ್ಟಿ, ಅದೇ ಪಲ್ಯ, ಅದೇ ಮನುಷ್ಯ, ಮೊದಲಿನ ಅರ್ಧ ತಾಸಷ್ಟೇ ಬೇರೆ! ನಾನು ಆ ಪುಟಗಳನ್ನು ಮತ್ತೆ ಮತ್ತೆ ತಿರುವಿದೆ.

"ಗುಳಿಗಿ ಬಿಟ್ಟೇನಿ ಅಂತ ತಿಳೀಬ್ಯಾಡ ಮತ್ತ," ಎಂದರು ಕಾಕಾ. "ಗುಳಿಗಿನೂ ಐತಿ, ಇದೂ ಐತಿ."

ಕಾಕಾನ ವಹಿಗಿಂತ ಗಟ್ಟಿಯಾದ ಲೆಕ್ಕ ದೆಹಲಿಯಲ್ಲಿ ಆಗಿದೆ. ಡಾ. ಅನೂಪ್ ಮಿಶ್ರಾ, ಸೀಮಾ ಗುಲಾಟಿ ಮತ್ತು ಸಂಗಡಿಗರು 2023ರಲ್ಲಿ ಎರಡು ಅಧ್ಯಯನಗಳನ್ನು ಪ್ರಕಟಿಸಿದರು. ಆಯ್ದುಕೊಂಡದ್ದು ಮಧುಮೇಹದ ಹೊಸ್ತಿಲಲ್ಲಿ ನಿಂತವರನ್ನು. ಮೈತೂಕ ಹೆಚ್ಚಿದ್ದು, ಸಕ್ಕರೆ ಸಹಜಕ್ಕಿಂತ ಮೇಲಿದ್ದರೂ ಕಾಯಿಲೆಯ ಗೆರೆ ಇನ್ನೂ ದಾಟದವರು. ಅವರಿಗೆ ನಾಷ್ಟಾ, ಮಧ್ಯಾಹ್ನದ ಊಟ, ರಾತ್ರಿ ಊಟ ಮೂರಕ್ಕೂ ಅರ್ಧ ತಾಸು ಮೊದಲು 20 ಗ್ರಾಂ ಬಾದಾಮಿ ಕೊಟ್ಟರು. ಎಣಿಸಿದರೆ ಹದಿನೇಳು ಹದಿನೆಂಟು ಕಾಳು. ಮೊದಲನೆಯ ಅಧ್ಯಯನ ಮೂರೇ ದಿನದ್ದು, 60 ಜನರ ಮೇಲೆ. ತೋಳಿಗೆ ಅಂಟಿಸಿದ ಪುಟ್ಟ ಯಂತ್ರ ಹಗಲಿರುಳು ಗ್ಲೂಕೋಸ್ ದಾಖಲಿಸುತ್ತಿತ್ತು. ಬಾದಾಮಿ ತಿಂದ ದಿನಗಳಲ್ಲಿ ಊಟದ ನಂತರದ ಏರು ತಗ್ಗಿತು, ದಿನವಿಡೀ ಏರಿಳಿತವೂ ಕಡಿಮೆಯಾಯಿತು. ಎರಡನೆಯದು ಮೂರು ತಿಂಗಳದ್ದು. ಅದು ಮುಗಿಯುವಾಗ ಬಾದಾಮಿ ತಿಂದವರಲ್ಲಿ ಸುಮಾರು ಕಾಲುಭಾಗ ಜನರ ಸಕ್ಕರೆ ಸಹಜ ಮಟ್ಟಕ್ಕೆ ಮರಳಿತ್ತು.

ಹೊಸ್ತಿಲಿಗೆ ಬಂದವರು ಹಿಂದೆ ಹೆಜ್ಜೆ ಇಡಬಹುದು ಎಂಬುದು ನನಗೆ ಬಹಳ ದೊಡ್ಡ ಮಾತಾಗಿ ಕಂಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ 2021ರ ಅಂದಾಜಿನಂತೆ ನಮ್ಮಲ್ಲಿ ಮಧುಮೇಹ ಇರುವವರು 10.1 ಕೋಟಿ, ಹೊಸ್ತಿಲಲ್ಲಿರುವವರು 13.6 ಕೋಟಿ. ಅಧ್ಯಯನಗಳು ಚಿಕ್ಕವು, ಖರ್ಚು ಕೊಟ್ಟದ್ದು ಕ್ಯಾಲಿಫೋರ್ನಿಯಾದ ಬಾದಾಮಿ ಮಂಡಳಿ. ಇದನ್ನು ತಿಳಿದೇ ಓದಬೇಕು. ಓದಿದ ಮೇಲೂ ನನ್ನ ಬೆರಗು ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಪಶ್ಚಿಮದ ಬಾಂದ್ರಾ ನೋಡಲು ಹೊರಟೆ. ಸ್ಟೇಶನ್ ದಾಟಿ, ಕೆರೆಯ ಪಕ್ಕದಿಂದ ಹಿಲ್ ರೋಡಿಗೆ. ಬೇಕರಿಗಳಿಂದ ಬಿಸಿ ಪಾವು ಸೈಕಲ್ಲುಗಳ ಮೇಲೆ ಗಲ್ಲಿಗಲ್ಲಿಗೆ ಹೋಗುವ ಹೊತ್ತು. ಮೂಲೆಯಲ್ಲಿ ಒಬ್ಬಳು ಬಟಾಟೆವಡೆ ಕರಿಯುತ್ತಿದ್ದಳು. ಪಾವಿನ ಮೈದಾ, ಬಟಾಟೆ, ಸಿಹಿ ಚಟ್ನಿ, ಜೊತೆಗೆ ಸಕ್ಕರೆ ಮುಂದಾದ ಚಹಾ. ಮುಂಬಯಿ ದುಡಿಯುವುದು ಈ ಇಂಧನದ ಮೇಲೆ. ಲೋಕಲ್ ಹಿಡಿಯುವವನಿಗೆ ಒಂದೇ ಕೈಯಲ್ಲಿ ತಿನ್ನಬಹುದಾದ, ಕಿಸೆಗೆ ಭಾರವಾಗದ ಊಟ ಬೇರೆ ಯಾವುದಿದೆ? ಅದನ್ನು ತಿನ್ನುವವರನ್ನು ದೂರುವ ಮನಸ್ಸು ನನಗಿಲ್ಲ. ಅದೇ ಪಾವು ಹೊಟ್ಟೆ ಸೇರುವ ಮೊದಲು ಒಂದು ಮುಷ್ಟಿ ಕಾಳು ಹೋಗಿದ್ದರೆ ಏನಾಗುತ್ತಿತ್ತು ಎಂಬುದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಹಿಲ್ ರೋಡಿನಲ್ಲಿ ಒಂದು ಸುಕಾಮೇವಾ ಅಂಗಡಿ ಹೊಕ್ಕೆ. ಗೋಣಿಚೀಲಗಳ ಬಾಯಿ ತೆರೆದಿಟ್ಟಿದ್ದರು. ಚಪ್ಪಟೆಯಾಗಿ ಸೊಗಸಾಗಿದ್ದದ್ದು ಕ್ಯಾಲಿಫೋರ್ನಿಯಾದ್ದು; ಲೋಕದ ಬಾದಾಮಿಯಲ್ಲಿ ಸುಮಾರು ನೂರಕ್ಕೆ 80 ಪಾಲು ಬೆಳೆಯುವುದು ಆ ಒಂದೇ ರಾಜ್ಯದಲ್ಲಿ, ಅದನ್ನು ಹೊರದೇಶಗಳಲ್ಲೇ ಅತಿ ಹೆಚ್ಚು ಕೊಳ್ಳುವವರು ನಾವು. ದೋಣಿಯ ಹಾಗೆ ಬಾಗಿ, ಮೈಮೇಲೆ ಗೆರೆ ಗೆರೆಯಾಗಿ ಎಣ್ಣೆ ಜಿನುಗುವ ಹಾಗಿದ್ದದ್ದು ಇರಾನಿನ ಮಾಮ್ರಾ. ಗುಂಡಗೆ ಸಣ್ಣಗಿದ್ದದ್ದು ಅಫಘಾನಿಸ್ತಾನದ ಗುರ್‌ಬಂದಿ. ಪಕ್ಕಕ್ಕೆ ಕಾಶ್ಮೀರದ ಅಖರೋಟು, ಪಿಸ್ತಾ, ಗೋಡಂಬಿ. ಅಂಗಡಿಯ ಹಿರಿಯರು ನನ್ನ ಪ್ರಶ್ನೆಗಳಿಗೆ ಬೇಸರಪಡದೆ ಒಂದೊಂದನ್ನೇ ಅಂಗೈಗೆ ಹಾಕಿದರು. ನಾಲ್ಕು ಕಾಳು ತಿಂದು ಮುಗಿಸುವಷ್ಟರಲ್ಲಿ ಇರಾನ್, ಕಾಬೂಲ್, ಅಮೆರಿಕಾ ನನ್ನ ನಾಲಿಗೆಯ ಮೇಲೆ ಹಾದು ಹೋಗಿದ್ದವು.

ಇಡೀ ಬಾದಾಮಿಯೊಳಗೆ ಇನ್ನೊಂದು ಸೋಜಿಗ ಅಡಗಿದೆ. ಅದರ ಎಣ್ಣೆ ಗಟ್ಟಿ ಗೋಡೆಯ ಸಾವಿರಾರು ಕೋಶಗಳಲ್ಲಿ ಕೂಡಿಹಾಕಿದ್ದು. ನಾವು ಎಷ್ಟೇ ಅಗಿದರೂ ಎಲ್ಲ ಕೋಶ ಒಡೆಯುವುದಿಲ್ಲ. ಒಡೆಯದ ಕೋಶದ ಎಣ್ಣೆ ಮೈಗೆ ದಕ್ಕದೆ ಹೊರಗೆ ಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಜನರಿಗೆ ಬಾದಾಮಿ ತಿನ್ನಿಸಿ ಅಳೆದಾಗ, 28 ಗ್ರಾಂನಲ್ಲಿ 170ರಷ್ಟು ಎಂದು ಪೊಟ್ಟಣದ ಮೇಲೆ ಬರೆಯುವ ಕ್ಯಾಲೊರಿಯಲ್ಲಿ ಮೈಗೆ ಸಿಕ್ಕದ್ದು 129 ಮಾತ್ರ. ಪುಡಿ ಮಾಡಿದರೆ, ಹಾಲಿಗೆ ಅರೆದು ಹಾಕಿದರೆ ಈ ಗೋಡೆಗಳು ಮುಂಚೆಯೇ ಒಡೆದಿರುತ್ತವೆ. ಇಡಿಯ ಕಾಳನ್ನೇ ಸಾವಕಾಶ ಅಗಿ ಎಂದ ಕಾಕೂನ ಮಾತಿಗೆ ಇಷ್ಟು ಅರ್ಥವಿದೆಯೆಂದು ಅಲ್ಲಿ ನಿಂತಾಗ ಹೊಳೆಯಿತು.

ಗುಡ್ಡ ಹತ್ತಿ ಮೌಂಟ್ ಮೇರಿ ಚರ್ಚಿಗೆ ಬಂದೆ. ಸೆಪ್ಟೆಂಬರಿನ ಜಾತ್ರೆಯ ಗದ್ದಲ ಇರಲಿಲ್ಲ. ಮೇಣದಬತ್ತಿಯ ಅಂಗಡಿಗಳು ಮಾತ್ರ ಇದ್ದವು. ಅಲ್ಲಿ ಮಾರುವ ಮೇಣದ ರೂಪಗಳನ್ನು ನೋಡಿ ನಾನು ನಿಂತುಬಿಟ್ಟೆ. ಮೇಣದ ಕೈ, ಮೇಣದ ಪಾದ, ಹೃದಯ, ಮನೆ, ಕೂಸು. ಯಾವ ಅಂಗಕ್ಕೆ ನೋವಿದೆಯೋ ಅದನ್ನೇ ಮೇಣದಲ್ಲಿ ತಂದು ಮಾತೆಗೆ ಒಪ್ಪಿಸುತ್ತಾರೆ. ಎಲ್ಲ ಧರ್ಮದವರೂ ಬರುತ್ತಾರೆ. ಒಂದು ಪಾದವನ್ನು ಕೈಗೆತ್ತಿಕೊಂಡಾಗ ಊರಿನಲ್ಲಿ ಸಕ್ಕರೆಯಿಂದ ಕಾಲಿನ ಹುಣ್ಣು ಮಾಯದೆ ಬೆರಳು ಕಳೆದುಕೊಂಡವರ ನೆನಪಾಗಿ ಗಂಟಲು ಕಟ್ಟಿತು. ಮೇದೋಜೀರಕ ಗ್ರಂಥಿಯ ಮೇಣದ ರೂಪ ನನ್ನ ಕಣ್ಣಿಗೆ ಬೀಳಲಿಲ್ಲ. ಹೊಟ್ಟೆಯ ಹಿಂದೆ ಅಡ್ಡ ಮಲಗಿ ಹುಟ್ಟಿದಂದಿನಿಂದ ಇನ್ಸುಲಿನ್ ಒದಗಿಸುವ ಆ ಅಂಗ ಎಲ್ಲಿದೆಯೆಂದು ಎಷ್ಟು ಜನಕ್ಕೆ ಗೊತ್ತು?

ಅದರ ಪಾಡನ್ನು ನೆನೆಯುತ್ತ ಚರ್ಚಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತೆ. ಹಸಿದ ಹೊಟ್ಟೆಗೆ ಪಾವೋ ಅನ್ನವೋ ಬಿದ್ದರೆ ಪಿಷ್ಟ ಬೇಗ ಕರಗಿ ಗ್ಲೂಕೋಸ್ ಒಮ್ಮೆಗೇ ರಕ್ತಕ್ಕೆ ನುಗ್ಗುತ್ತದೆ. ಗ್ರಂಥಿ ಓಡಿ ಓಡಿ ಇನ್ಸುಲಿನ್ ಸುರಿಯಬೇಕು. ದಣಿದ ಗ್ರಂಥಿಗೆ ಅಷ್ಟು ವೇಗ ಸಾಗದು. ಸುರಿದರೂ ಮೈ ಅದನ್ನು ಸರಿಯಾಗಿ ಕೇಳದು. ಈಗ ಅರ್ಧ ತಾಸು ಮೊದಲು ಒಂದು ಮುಷ್ಟಿ ಬಾದಾಮಿ ಹೋಗಿದೆ ಎಂದುಕೊಳ್ಳೋಣ. ಅದರ ಕೊಬ್ಬು, ಪ್ರೋಟೀನು ಸಣ್ಣಕರುಳಿಗೆ ತಾಗಿದ ಕೂಡಲೇ ಅಲ್ಲಿಯ ಗೋಡೆ ಎಚ್ಚರಾಗಿ ಜಿಎಲ್‌ಪಿ-1 ಮೊದಲಾದ ಹಾರ್ಮೋನುಗಳನ್ನು ಬಿಡುತ್ತದೆ. ಅವು ಜಠರಕ್ಕೆ ಸಾವಕಾಶ ಎನ್ನುತ್ತವೆ, ಗ್ರಂಥಿಗೆ ತಯಾರಾಗು ಎನ್ನುತ್ತವೆ, ಮಿದುಳಿಗೆ ಹಸಿವು ತಗ್ಗಿತೆಂದು ತಿಳಿಸುತ್ತವೆ. ಕೆರೆಯ ತೂಬನ್ನು ನೀರಗಂಟಿ ಹದವಾಗಿ ಎತ್ತಿದರೆ ಕಾಲುವೆ ಒಡೆಯದೆ ಕೊನೆಯ ಗದ್ದೆಗೂ ನೀರು ಮುಟ್ಟುವ ಹಾಗೆ, ಜಠರದ ಕೆಳಬಾಗಿಲು ಅನ್ನವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಈಗ ಔಷಧದ ಅಂಗಡಿಗಳಿಗೆ ಬಂದಿರುವ ತೂಕ ಇಳಿಸುವ ಚುಚ್ಚುಮದ್ದುಗಳು ಅನುಕರಿಸುವುದು ಇದೇ ಹಾರ್ಮೋನನ್ನು. ಅವುಗಳ ಬಲ ಬಹಳ ಹೆಚ್ಚು, ಬಾದಾಮಿಯದು ಮೆಲ್ಲನೆಯ ಸನ್ನೆ. ಆದರೆ ಸನ್ನೆ ಮಾಡುವ ಭಾಷೆ ನಮ್ಮ ಕರುಳಿನಲ್ಲೇ ಇದೆಯಲ್ಲ!

ಊಟದ ಕ್ರಮಕ್ಕೇ ಇಂಥ ಶಕ್ತಿಯಿದೆ ಎಂದು ನ್ಯೂಯಾರ್ಕಿನ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಅಲ್ಪನಾ ಶುಕ್ಲಾ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದ್ದರು. ಮಧುಮೇಹವಿದ್ದ 11 ಜನ ಒಂದು ದಿನ ಬ್ರೆಡ್ಡು ಮೊದಲು, ತರಕಾರಿ ಮತ್ತು ಕೋಳಿ ಆಮೇಲೆ ತಿಂದರು. ಇನ್ನೊಂದು ದಿನ ತಿರುಗಾಮುರುಗಾ. ಬ್ರೆಡ್ಡು ಕೊನೆಗೆ ಬಂದ ದಿನ ಒಂದು ತಾಸಿನ ಗ್ಲೂಕೋಸ್ ನೂರಕ್ಕೆ ಸುಮಾರು 37ರಷ್ಟು ಕಡಿಮೆ. ತಿಂದ ಪದಾರ್ಥ, ಅಳತೆ ಎರಡೂ ಒಂದೇ.

ಗುಡ್ಡ ಇಳಿದು ಬ್ಯಾಂಡ್‌ಸ್ಟಾಂಡಿನ ಕಡೆಗೆ ನಡೆದಾಗ ದಾರಿಯಲ್ಲಿ ಕಾಡುಬಾದಾಮಿ ಮರಗಳು. ಕೊಂಬೆಗಳು ಅಂತಸ್ತು ಅಂತಸ್ತಾಗಿ ಚಾಚಿ, ಅಗಲ ಎಲೆಗಳು ಉದುರುವ ಮೊದಲು ಕುಂಕುಮದ ಬಣ್ಣಕ್ಕೆ ತಿರುಗಿದ್ದವು. ಕೆಳಗೆ ಇಬ್ಬರು ಹುಡುಗರು ಹಣ್ಣನ್ನು ಕಲ್ಲಿನಿಂದ ಜಜ್ಜಿ ಒಳಗಿನ ಎಳೆ ತಿರುಳು ತೆಗೆದು ತಿನ್ನುತ್ತಿದ್ದರು. ನನಗೂ ಒಂದು ಕೊಟ್ಟರು: ಕಡ್ಡಿಯಷ್ಟು ಸಣ್ಣದು, ರುಚಿ ಮಾತ್ರ ಬಾದಾಮಿಯದೇ. ಈ ಮರಕ್ಕೂ ನಿಜವಾದ ಬಾದಾಮಿಗೂ ಸಂಬಂಧವಿಲ್ಲ. ಬಾದಾಮಿ ಪೀಚ್ ಹಣ್ಣಿನ ದಾಯಾದಿ, ನಾವು ತಿನ್ನುವುದು ಅದರ ಓಟೆಯೊಳಗಿನ ತಿರುಳು. ಗೋಡಂಬಿ ಮಾವಿನ ಕುಲದ್ದು. ಶೇಂಗಾ ಅಂತೂ ತೊಗರಿ, ಕಡಲೆಯ ಮನೆತನದ ದ್ವಿದಳ, ಹೂ ಬಿಟ್ಟ ಮೇಲೆ ನೆಲಕ್ಕಿಳಿದು ಮಣ್ಣಿನೊಳಗೆ ಕಾಯಾಗುವ ಗಿಡ. ಬೇರೆ ಬೇರೆ ಕುಲದ ಇವೆಲ್ಲ ಬೀಜದೊಳಗೆ ಎಣ್ಣೆಯನ್ನೂ ಪ್ರೋಟೀನನ್ನೂ ಕೂಡಿಡುವ ಒಂದೇ ಉಪಾಯಕ್ಕೆ ಬಂದವು.

ರಸ್ತೆ ಮುಗಿಯುವಲ್ಲಿ ಪೋರ್ಚುಗೀಸರು 1640ರಲ್ಲಿ ಕಟ್ಟಿದ ಕೋಟೆಯ ಅವಶೇಷ. ಅದರ ಮೇಲೆ ನಿಂತರೆ ಸೀ ಲಿಂಕ್ ಸೇತುವೆ ಸಮುದ್ರದ ಮೇಲೆ ವರಳಿಯ ತನಕ ಚಾಚಿದ್ದು ಕಾಣುತ್ತದೆ. ಗೋಡಂಬಿಯನ್ನು ಬ್ರೆಜಿಲ್‌ನಿಂದ ನಮ್ಮ ಪಡುವಣ ಕರಾವಳಿಗೆ ತಂದವರೂ ಈ ಪೋರ್ಚುಗೀಸರೇ. ಅದೇ ಮುಂದೆ ಮಂಗಳೂರು, ಪುತ್ತೂರು, ಕಾರ್ಕಳದ ಗುಡ್ಡಗಳ ತುಂಬ ಹಬ್ಬಿ, ಸಾವಿರಾರು ಹೆಂಗಸರಿಗೆ ಕಾರ್ಖಾನೆಗಳಲ್ಲಿ ಅನ್ನ ಕೊಟ್ಟಿತು. ಸಕ್ಕರೆ ಇದ್ದವರು ಗೋಡಂಬಿ ಮುಟ್ಟಬಾರದು ಎಂಬ ಹೆದರಿಕೆ ನಮ್ಮಲ್ಲಿದೆ. ಚೆನ್ನೈಯ ಡಾ. ವಿ. ಮೋಹನ್ ಅವರ ಬಳಗ ಮಧುಮೇಹವಿದ್ದ 300 ಜನರ ಮೇಲೆ ಇದನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿತು. ಅವರಲ್ಲಿ ಒಂದು ಗುಂಪು 12 ವಾರ ದಿನಕ್ಕೆ 30 ಗ್ರಾಂ ಗೋಡಂಬಿ ತಿಂದಿತು. ತೂಕ ಹೆಚ್ಚಲಿಲ್ಲ, ಸಕ್ಕರೆಯ ಮಟ್ಟ ಕೆಡಲಿಲ್ಲ. ರಕ್ತದೊತ್ತಡ ತುಸು ಇಳಿದು ಒಳ್ಳೆಯ ಕೊಲೆಸ್ಟೆರಾಲ್ ತುಸು ಏರಿತು. ಸಕ್ಕರೆ ಇಳಿಯಿತೆಂದು ಮಾತ್ರ ಆ ಅಧ್ಯಯನ ಹೇಳಲಿಲ್ಲ, ನಾವೂ ಹೇಳಬಾರದು.

ಮಧ್ಯಾಹ್ನ ಆಟೋ ಹಿಡಿದು ಖಾರ್, ಸಾಂತಾಕ್ರೂಜ್ ದಾಟಿ ಜುಹೂ ಕಡೆ ಹೋದೆ. ನೋಡಬೇಕಿದ್ದದ್ದು ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ಜುಹೂ ಆವರಣ. 1916ರಲ್ಲಿ ಮಹರ್ಷಿ ಧೋಂಡೋ ಕೇಶವ ಕರ್ವೆ ಕಟ್ಟಿದ ವಿಶ್ವವಿದ್ಯಾಲಯವದು. ಸರ್ ವಿಠ್ಠಲದಾಸ್ ಠಾಕರ್‌ಸಿ ತಾಯಿಯ ಹೆಸರಿನಲ್ಲಿ 15 ಲಕ್ಷ ರೂಪಾಯಿ ಕೊಟ್ಟರು. ಅವರದೇ ಹೆಸರಿನ ಗೃಹವಿಜ್ಞಾನ ಕಾಲೇಜು ಇಲ್ಲಿದೆ. ಈ ಕಾಲೇಜಿನ ಜಗ್‌ಮೀತ್ ಮದನ್ ಮತ್ತು ಸಂಗಡಿಗರು ಮುಂಬಯಿಯ ಎಳೆಯರ ಮೇಲೆ ನಡೆಸಿದ ಅಧ್ಯಯನ 2021ರಲ್ಲಿ ಬೆಳಕು ಕಂಡಿತು. 16ರಿಂದ 25 ವರ್ಷದ, ಆಗಲೇ ಮಧುಮೇಹದ ಹೊಸ್ತಿಲಲ್ಲಿದ್ದ 275 ಹುಡುಗ ಹುಡುಗಿಯರು. ಒಂದು ಗುಂಪಿಗೆ 90 ದಿನ ದಿನಕ್ಕೆ 56 ಗ್ರಾಂ ಹುರಿಯದ ಬಾದಾಮಿ. ಇನ್ನೊಂದಕ್ಕೆ ಅಷ್ಟೇ ಕ್ಯಾಲೊರಿಯ, ಗೋಧಿಹಿಟ್ಟು ಕಡಲೆಹಿಟ್ಟಿನ ಖಾರದ ತಿಂಡಿ. ಬಾದಾಮಿ ತಿಂದವರಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ತೋರುವ ಎಚ್‌ಬಿಎ1ಸಿ ಇಳಿಯಿತು, ಕೆಟ್ಟ ಕೊಲೆಸ್ಟೆರಾಲ್ ಕೂಡ ಇಳಿಯಿತು. ಇದಕ್ಕೂ ಬಾದಾಮಿ ಮಂಡಳಿಯದೇ ಹಣ. ಇಲ್ಲಿ ತಿಂದದ್ದು ತಿಂಡಿಯಾಗಿ, ಊಟದ ಮೊದಲಿನ ಅರ್ಧ ತಾಸಿನ ಕಟ್ಟುಪಾಡು ಇರಲಿಲ್ಲ.

ಗೇಟಿನ ಮುಂದೆ ನಿಂತಾಗ ತರಗತಿ ಬಿಟ್ಟು ಹುಡುಗಿಯರು ನಗುತ್ತ ಹೊರಬರುತ್ತಿದ್ದರು. ಹದಿನಾರು ವರ್ಷ! ಆ ವಯಸ್ಸಿನವರ ರಕ್ತದಲ್ಲಿ ಅಜ್ಜಂದಿರ ಕಾಯಿಲೆಯ ಸುಳಿವು ಸಿಕ್ಕದ್ದನ್ನು ಈ ಕಾಲೇಜಿನವರು ಮುಂಚೆಯೇ ಹಿಡಿದು, ಅದಕ್ಕೆ ತಿನ್ನುವ ವಸ್ತುವಿನಿಂದಲೇ ಉತ್ತರ ಹುಡುಕಿದರಲ್ಲ ಎಂದು ಕೃತಜ್ಞತೆ ಉಕ್ಕಿತು. ಗೃಹವಿಜ್ಞಾನವೆಂದರೆ ಹೊಲಿಗೆ, ಅಡುಗೆ ಎಂದು ಹಗುರವಾಗಿ ನೋಡುವವರು ಈ ಆವರಣದ ಕೆಲಸವನ್ನು ತಿಳಿಯಬೇಕು.

ಸಂಜೆ ಜುಹೂ ದಂಡೆಯಲ್ಲಿ ಸಿಂಗ್‌ದಾಣಾ ಮಾರುವವನೊಬ್ಬ ಸಿಕ್ಕ. ಕೊರಳಿಗೆ ನೇತುಹಾಕಿದ ಬುಟ್ಟಿ, ಶೇಂಗಾದ ಗುಡ್ಡೆಯ ನಡುವೆ ಕೆಂಡವಿಟ್ಟ ಪುಟ್ಟ ಮಣ್ಣಿನ ಗಡಿಗೆ. ಕಾಳು ಬಿಸಿಯಾಗೇ ಇರುತ್ತವೆ. ಕಾಗದದ ಶಂಕುವಿನಲ್ಲಿ ಒಂದು ಮುಷ್ಟಿ ಹಾಕಿಕೊಟ್ಟ. ಬಾದಾಮಿಯ ಬೆಲೆ ಶೇಂಗಾದ ಹಲವು ಪಟ್ಟು. ಮನೆಮಂದಿಗೆಲ್ಲ ದಿನಕ್ಕೆ ಮೂರು ಹೊತ್ತು ಬಾದಾಮಿ ಎಂದರೆ ಕೂಲಿಯ ಮನೆಗೆ ಆಗದ ಮಾತು. ಶೇಂಗಾದಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನು, ಬಾದಾಮಿಯಲ್ಲಿ 21. ಎಣ್ಣೆ ಎರಡರಲ್ಲೂ ಅರ್ಧದಷ್ಟು. ನಾರು ಬಾದಾಮಿಯಲ್ಲಿ ಹೆಚ್ಚು. ರಕ್ತಕ್ಕೆ ಸಕ್ಕರೆ ಏರಿಸುವ ಲೆಕ್ಕದಲ್ಲಿ ಶೇಂಗಾ ತೀರ ಕೆಳಗಿನ ಸಾಲಿನಲ್ಲಿದೆ.

ಮನೆಗೆ ಮರಳಿದಾಗ ಕಾಕೂ ಮೊರದಲ್ಲಿ ಶೇಂಗಾ ಹರವಿ, ಮುದುಡಿದ, ಕಪ್ಪಿಟ್ಟ ಕಾಳುಗಳನ್ನು ಆರಿಸಿ ತೆಗೆಯುತ್ತಿದ್ದರು. ಬೂಷ್ಟು ಹಿಡಿದ ಶೇಂಗಾದಲ್ಲಿ ಯಕೃತ್ತಿಗೆ ವಿಷವಾದ ಅಫ್ಲಾಟಾಕ್ಸಿನ್ ಇರಬಹುದು, ಹಾಗಾಗಿ ಈ ಆರಿಸುವ ಕೆಲಸ ಸಣ್ಣದಲ್ಲ. ಉಪ್ಪು ಹಾಕಿದ್ದು, ಎಣ್ಣೆಯಲ್ಲಿ ಕರಿದದ್ದು, ಬೆಲ್ಲ ಸಕ್ಕರೆಯ ಪಾಕ ಹಚ್ಚಿದ್ದು ಅವರ ಬಟ್ಟಲಿಗೆ ಬರುವುದಿಲ್ಲ. ಮೂರು ಹೊತ್ತಿಗೆ 60 ಗ್ರಾಂ ಬಾದಾಮಿ ಎಂದರೆ ಪೊಟ್ಟಣದ ಲೆಕ್ಕದಲ್ಲಿ ಸುಮಾರು 360 ಕ್ಯಾಲೊರಿ. ಅಷ್ಟನ್ನು ತಾಟಿನಿಂದ ಇಳಿಸದೆ ಮೇಲಿಂದ ಮೇಲೆ ಸೇರಿಸಿದರೆ ತೂಕ ಏರುತ್ತದೆ. ಕಾಕಾ ಆ ಲೆಕ್ಕಕ್ಕೆ ಅನ್ನ ಕಡಿಮೆ ಮಾಡಿದ್ದಾರೆ. ಶೇಂಗಾ, ಬಾದಾಮಿ ಮೈಗೆ ಒಗ್ಗದವರು ಇದರ ಗೊಡವೆಗೆ ಹೋಗುವಂತಿಲ್ಲ. ಮೂತ್ರಪಿಂಡದ ತೊಂದರೆ, ಕಲ್ಲು ಇರುವವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಗುಳಿಗೆಯ, ಇನ್ಸುಲಿನ್ನಿನ ಅಳತೆಯನ್ನು ತಾವೇ ಬದಲಿಸಕೂಡದು.

"ಕಾಕಾ, ನಿಮ್ಮ ವಹಿಯೊಳಗ ಶೇಂಗಾಕ್ಕ ಬ್ಯಾರೆ, ಬಾದಾಮಿಗೆ ಬ್ಯಾರೆ ಬರದೀರೇನ್ರಿ?" ಎಂದು ಕೇಳಿದೆ.

"ಇಲ್ಲೋ. ಇನ್ನ ಮ್ಯಾಲ ಬರೀತೀನಿ," ಎಂದು ಅಡ್ಡಪಟ್ಟಿ ತೆಗೆದುಕೊಂಡು ಹೊಸ ಪುಟದ ಮೇಲೆ ಗೆರೆ ಎಳೆಯತೊಡಗಿದರು.

ಆ ಗೆರೆಯನ್ನು ಧಾರವಾಡದಲ್ಲಿ ದೊಡ್ಡದಾಗಿ ಎಳೆಯಬೇಕೆಂಬುದು ನನ್ನ ಆಸೆ. ಅಲ್ಲಿಯ ಕೃಷಿ ವಿಶ್ವವಿದ್ಯಾಲಯ ರೋಗ ತಡೆಯುವ ಜಿಪಿಬಿಡಿ-4 ಶೇಂಗಾ ತಳಿಯನ್ನು ರೈತರಿಗೆ ಕೊಟ್ಟ ಸಂಸ್ಥೆ. ಆಹಾರ ಮತ್ತು ಪೋಷಣೆ ಕಲಿಸುವ ಕಾಲೇಜೂ ಅದರೊಳಗೇ ಇದೆ. ಬಾದಾಮಿಗೆ ಹಣ ಹಾಕಲು ಕ್ಯಾಲಿಫೋರ್ನಿಯಾದ ಮಂಡಳಿಯಿದೆ, ಚಳ್ಳಕೆರೆಯ ಶೇಂಗಾ ರೈತನ ಪರವಾಗಿ ಸರಕಾರವೇ ಹಾಕಬೇಕು. ಹೊಸ್ತಿಲಲ್ಲಿ ನಿಂತ ನಮ್ಮದೇ ಜನ, ಅರ್ಧ ತಾಸು ಮೊದಲು ಅಳೆದು ಕೊಟ್ಟ ಶೇಂಗಾ, ಆಮೇಲೆ ಒಂದು ಗುಂಪಿಗೆ ಜೋಳದ ರೊಟ್ಟಿ, ಇನ್ನೊಂದಕ್ಕೆ ಅನ್ನ, ತೋಳಿಗೆ ಗ್ಲೂಕೋಸ್ ಅಳೆಯುವ ಪುಟ್ಟ ಯಂತ್ರ. ಮೂರು ದಿನದಿಂದ ಶುರುಮಾಡಿ ಮೂರು ತಿಂಗಳಿಗೆ ಹೋಗಬಹುದು. ಊರಿಗೆ ಮರಳಿದ ವಾರವೇ ಅಲ್ಲಿಯ ಪ್ರಾಧ್ಯಾಪಕರಿಗೆ ಪತ್ರ ಬರೆಯುವವನಿದ್ದೇನೆ. ವಹಿಯ ಪುಟಗಳ ಪ್ರತಿಯನ್ನೂ ಜೊತೆಗೆ ಕಳಿಸಲು ಕಾಕಾ ಒಪ್ಪಿದ್ದಾರೆ.